ದಿನಕ್ಕೆ ಸಾವಿರ ಮೇಲ್: ಪ್ರೋಗ್ರಾಮಿಂಗ್ ಲಿಸ್ಟ್‌ಗಳನ್ನು ಮುಳುಗದೆ ಓದುವ ಬಗೆ

ಬೆಂಗಳೂರಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಕಾಫಿ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂರುವ ಹೊತ್ತಿಗೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹಿಂದಿನ ದಿನದ ಸಂಜೆಯಾಗಿರುತ್ತದೆ. ನಾವು ರಾತ್ರಿ ಊಟ ಮುಗಿಸಿ, ಮಲಗಿ, ಏಳುವಷ್ಟರಲ್ಲಿ ಯುರೋಪಿನವರ ಸಂಜೆಯೂ ಅಮೆರಿಕದವರ ಇಡೀ ಕೆಲಸದ ದಿನವೂ ಕಳೆದು, ಆ ಹೊತ್ತಿನಲ್ಲಿ ಅವರು ಬರೆದ ಪ್ಯಾಚ್ (ಕೋಡಿನ ಬದಲಾವಣೆ), ತಕರಾರು, ತಿದ್ದುಪಡಿ, ಸಮಜಾಯಿಷಿಗಳೆಲ್ಲ ನಮ್ಮ ಇನ್‌ಬಾಕ್ಸಿನಲ್ಲಿ ರಾಶಿ ಬಿದ್ದಿರುತ್ತವೆ. ಮೇಲಿಂಗ್ ಲಿಸ್ಟ್ ಎಂದರೆ ಒಬ್ಬರು ಬರೆದ ಮೇಲ್ ಎಲ್ಲ ಸದಸ್ಯರಿಗೂ ತಲುಪುವ ಏರ್ಪಾಡು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಮುಖ್ಯ ಮೇಲಿಂಗ್ ಲಿಸ್ಟ್‌ಗೆ ವಾರದ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಮೇಲ್ ಬರುವುದು ಸಾಮಾನ್ಯ ಸಂಗತಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಹ್ಯಾಕರ್ಸ್ ಲಿಸ್ಟ್, ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್, ಜಿಸಿಸಿ ಕಂಪೈಲರ್ ಮುಂತಾದವುಗಳ ಲಿಸ್ಟ್‌ಗಳು ಅದಕ್ಕಿಂತ ಸಣ್ಣವಾದರೂ ಮೂರ್ನಾಲ್ಕನ್ನು ಒಟ್ಟಿಗೆ ಸೇರಿದವರಿಗೆ ಪರಿಣಾಮ ಒಂದೇ. ಹೊಸಬರು ಉತ್ಸಾಹದಿಂದ ಸೇರುತ್ತಾರೆ, ಮೊದಲ ವಾರ ಎಲ್ಲವನ್ನೂ ಓದಲು ಹೆಣಗುತ್ತಾರೆ, ಎರಡನೆಯ ವಾರ ಬಾಕಿ ಬೆಳೆಯುತ್ತದೆ, ಮೂರನೆಯ ವಾರ ತಾವು ಈ ಕೆಲಸಕ್ಕೆ ಲಾಯಕ್ಕಲ್ಲವೆಂದು ತಾವೇ ತೀರ್ಮಾನಿಸಿ ಸುಮ್ಮನಾಗುತ್ತಾರೆ.

ಇನ್‌ಬಾಕ್ಸಿಗೆ ಬಂದದ್ದೆಲ್ಲ ತಮಗೆ ಬರೆದ ಪತ್ರವೆಂದು ತಿಳಿಯುವುದರಿಂದ ಈ ಸುಸ್ತು ಹುಟ್ಟುತ್ತದೆ. ಲಿಸ್ಟ್‌ನ ಮೇಲ್ ಪತ್ರಕ್ಕಿಂತ ಸರ್ಕಾರಿ ಕಚೇರಿಯ ಕಡತಕ್ಕೆ ಹೆಚ್ಚು ಹತ್ತಿರವಾದದ್ದು. ಯಾರು ಏನು ಹೇಳಿದರು, ಯಾರು ಒಪ್ಪಿದರು, ಯಾವ ಕಾರಣಕ್ಕೆ ಬದಲಾವಣೆ ತಿರಸ್ಕೃತವಾಯಿತು ಎಂಬುದು ಅಲ್ಲಿ ದಾಖಲಾಗುತ್ತದೆ, ಮತ್ತು ಬೇಕಾದಾಗ ತೆಗೆದು ನೋಡಲು ಆ ದಾಖಲೆ ಸಾರ್ವಜನಿಕ ಆರ್ಕೈವಿನಲ್ಲಿ ಶಾಶ್ವತವಾಗಿ ಇರುತ್ತದೆ. ಅಪಾಚೆ ಎಂಬ ಮುಕ್ತ ತಂತ್ರಾಂಶ ಪ್ರತಿಷ್ಠಾನದ ಯೋಜನೆಗಳಲ್ಲಂತೂ ಲಿಸ್ಟ್‌ನಲ್ಲಿ ಚರ್ಚೆಯಾಗದ ನಿರ್ಧಾರವನ್ನು ನಿರ್ಧಾರವೆಂದೇ ಪರಿಗಣಿಸುವುದಿಲ್ಲ. ವಿಧಾನಸೌಧದ ಎಲ್ಲ ಕಡತಗಳನ್ನೂ ಓದಿದ ಗುಮಾಸ್ತರು ಯಾರೂ ಇಲ್ಲ. ತಮ್ಮ ಮೇಜಿಗೆ ಬರಬೇಕಾದದ್ದು ತಮ್ಮ ಮೇಜಿಗೆ ಬರುವಂತೆ, ಉಳಿದದ್ದು ಕಪಾಟಿನಲ್ಲಿ ಉಳಿಯುವಂತೆ ನೋಡಿಕೊಂಡರೆ ಅವರ ಕೆಲಸ ಸಾಗುತ್ತದೆ. ಕೆಳಗೆ ಹೇಳಿರುವುದೆಲ್ಲ ಆ ಏರ್ಪಾಟನ್ನು ಮಾಡಿಕೊಳ್ಳುವ ಕ್ರಮವೇ ಆಗಿದೆ.

ಮೊದಲು ವಿಂಗಡಣೆ

ಬಹುತೇಕ ಎಲ್ಲ ಲಿಸ್ಟ್‌ಗಳೂ ತಾವು ಕಳಿಸುವ ಪ್ರತಿಯೊಂದು ಮೇಲ್‌ನ ಹೆಡರಿನಲ್ಲಿ (ಮೇಲ್‌ನ ತಲೆಭಾಗದ ತಾಂತ್ರಿಕ ಸಾಲುಗಳಲ್ಲಿ) ಲಿಸ್ಟ್-ಐಡಿ ಎಂಬ ಒಂದು ಸಾಲನ್ನು ಸೇರಿಸುತ್ತವೆ. ಇದು 2001ರಿಂದ ಜಾರಿಯಲ್ಲಿರುವ ಏರ್ಪಾಡು. ಕಳಿಸಿದವರು ಯಾರೇ ಆಗಿರಲಿ, ವಿಷಯ ಏನೇ ಆಗಿರಲಿ, ಆ ಲಿಸ್ಟ್ ಮೂಲಕ ಬಂದ ಮೇಲ್‌ನಲ್ಲಿ ಆ ಸಾಲು ಬದಲಾಗುವುದಿಲ್ಲ. ಆದುದರಿಂದ ವಿಂಗಡಿಸಲು ಇದಕ್ಕಿಂತ ನಂಬಿಕೆಗೆ ಅರ್ಹವಾದ ಗುರುತು ಬೇರೆ ಇಲ್ಲ. ವಿಷಯದ ಸಾಲಿನಲ್ಲಿ ಚೌಕ ಕಂಸದೊಳಗೆ ಬರುವ ಲಿಸ್ಟ್‌ನ ಹೆಸರನ್ನು ನಂಬಿ ಫಿಲ್ಟರ್ ಮಾಡುವವರು ಹಲವರಿದ್ದಾರೆ. ಕರ್ನಲ್‌ನ ಲಿಸ್ಟ್‌ಗಳು ಅಂಥ ಹೆಸರನ್ನು ಸೇರಿಸುವುದೇ ಇಲ್ಲ, ಏಕೆಂದರೆ ಮೇಲ್ ಅನ್ನು ದಾರಿಯಲ್ಲಿ ತಿದ್ದಿದರೆ ಕಳಿಸಿದವರ ಸರ್ವರ್ ಹಾಕಿದ, ಮೇಲ್ ಅಸಲಿಯೆಂದು ದೃಢಪಡಿಸುವ ಡಿಕೆಐಎಂ ಎಂಬ ಡಿಜಿಟಲ್ ಸಹಿ ಮುರಿಯುತ್ತದೆ. ವಿಷಯದ ಸಾಲಿನಲ್ಲಿ ಕನ್ನಡ ಅಕ್ಷರಗಳಿದ್ದರಂತೂ ಅವು ಪ್ರಯಾಣದಲ್ಲಿ ಬೇರೊಂದು ಸಂಕೇತಕ್ಕೆ ಪರಿವರ್ತಿತವಾಗಿರುತ್ತವೆ, ಮತ್ತು ಕಚ್ಚಾ ಹೆಡರನ್ನು ನೋಡುವ ಹಳೆಯ ಫಿಲ್ಟರ್‌ಗಳಿಗೆ ಅದು ಬರೀ ಗೋಜಲಾಗಿ ಕಾಣುತ್ತದೆ.

ಜಿಮೇಲ್‌ನಲ್ಲಿ ಲಿಸ್ಟ್‌ನ ಯಾವುದಾದರೊಂದು ಮೇಲ್ ತೆರೆದು, ಮೂರು ಚುಕ್ಕಿಗಳ ಮೆನುವಿನಲ್ಲಿ ‘ಫಿಲ್ಟರ್ ಮೆಸೇಜಸ್ ಲೈಕ್ ದೀಸ್’ ಒತ್ತಿದರೆ ಲಿಸ್ಟ್-ಐಡಿಯನ್ನು ಅದೇ ತುಂಬಿಕೊಡುತ್ತದೆ. ಅಲ್ಲಿಂದ ‘ಸ್ಕಿಪ್ ದ ಇನ್‌ಬಾಕ್ಸ್’ ಮತ್ತು ಒಂದು ಲೇಬಲ್ ಆರಿಸಿಕೊಂಡರೆ ಸಾಕು. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಫಿಲ್ಟರ್‌ನ ಆಯ್ಕೆಗಳ ನಡುವೆ ಲಿಸ್ಟ್-ಐಡಿ ತಾನಾಗಿ ಕಾಣುವುದಿಲ್ಲ. ‘ಕಸ್ಟಮೈಸ್’ ಒತ್ತಿ ಆ ಹೆಡರಿನ ಹೆಸರನ್ನು ಒಮ್ಮೆ ಸೇರಿಸಬೇಕು. ಥಂಡರ್‌ಬರ್ಡ್‌ನ ಫಿಲ್ಟರ್‌ಗಳು ಆ ಕಂಪ್ಯೂಟರಿನಲ್ಲಿ ಅದು ತೆರೆದಿರುವಾಗ ಮಾತ್ರ ಕೆಲಸ ಮಾಡುತ್ತವೆ ಎಂಬುದನ್ನೂ ನೆನಪಿಡಬೇಕು. ಮನೆಯ ಕಂಪ್ಯೂಟರ್ ಆರಿಸಿ ಹೊರಗೆ ಹೋದರೆ ಕೈಯಲ್ಲಿರುವ ಫೋನಿಗೆ ಎಲ್ಲ ಮೇಲ್‌ಗಳೂ ವಿಂಗಡಣೆಯಾಗದೆ ಸುರಿಯುತ್ತವೆ. ನಿಮ್ಮ ಮೇಲ್ ಸೇವೆಯಲ್ಲಿ ಸೀವ್ ಸೌಲಭ್ಯವಿದ್ದರೆ ನಿಯಮಗಳನ್ನು ಸರ್ವರಿನಲ್ಲೇ ಬರೆದಿಡುವುದು ಮೇಲು, ಏಕೆಂದರೆ ಆಗ ಯಾವ ಸಾಧನದಿಂದ ನೋಡಿದರೂ ಫೋಲ್ಡರ್‌ಗಳು ಒಂದೇ ರೀತಿ ಇರುತ್ತವೆ.

ಫಿಲ್ಟರ್ ಮಾಡುವಾಗ ಒಂದು ವಿನಾಯಿತಿಯನ್ನು ಮರೆಯಬಾರದು. ಅದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆಯೇ. ಕೆಲವು ವರ್ಷಗಳ ಹಿಂದೆ ಒಂದು ಯೋಜನೆಗೆ ಸಣ್ಣ ಪ್ಯಾಚ್ ಕಳಿಸಿ, ಉತ್ತರಕ್ಕಾಗಿ ದಿನವೂ ಇನ್‌ಬಾಕ್ಸ್ ನೋಡುತ್ತಿದ್ದೆ. ಮೂರು ವಾರ ಕಳೆದರೂ ಏನೂ ಬರಲಿಲ್ಲ. ಯಾರಿಗೂ ಆಸಕ್ತಿಯಿಲ್ಲವೆಂದುಕೊಂಡು ಬೇಸರದಿಂದ ಆರ್ಕೈವ್ ತೆರೆದು ನೋಡಿದರೆ, ನಾನು ಕಳಿಸಿದ ಮರುದಿನವೇ ನಿರ್ವಾಹಕರು ಎರಡು ಪ್ರಶ್ನೆ ಕೇಳಿ, ನನ್ನ ವಿಳಾಸವನ್ನೂ ಸಿಸಿಯಲ್ಲಿ ಹಾಕಿದ್ದರು. ಹತ್ತು ದಿನ ಕಾದು ಮತ್ತೊಮ್ಮೆ ಕೇಳಿದ್ದರು. ಕೊನೆಗೆ ಬೇರೊಬ್ಬರು ಅದೇ ತೊಂದರೆಯನ್ನು ತಮ್ಮ ರೀತಿಯಲ್ಲಿ ಸರಿಪಡಿಸಿ ಮುಗಿಸಿಯೂ ಆಗಿತ್ತು. ಒಂದೇ ಮೇಲ್ ನೇರವಾಗಿಯೂ ಲಿಸ್ಟ್ ಮೂಲಕವೂ ಬಂದಾಗ, ಎರಡಕ್ಕೂ ಮೆಸೇಜ್-ಐಡಿ ಒಂದೇ ಇರುವುದರಿಂದ ಜಿಮೇಲ್ ಒಂದು ಪ್ರತಿಯನ್ನಷ್ಟೇ ಉಳಿಸಿಕೊಳ್ಳುತ್ತದೆ; ನನ್ನ ಪಾಲಿಗೆ ಉಳಿದದ್ದು ಲಿಸ್ಟ್‌ನ ಪ್ರತಿ, ಮತ್ತು ಅದನ್ನು ನನ್ನ ಫಿಲ್ಟರ್ ವಿಧೇಯವಾಗಿ ನಾನು ತೆರೆಯದ ಲೇಬಲಿಗೆ ಕಳಿಸಿತ್ತು. ಅಂದಿನಿಂದ ನನ್ನ ಪ್ರತಿಯೊಂದು ಫಿಲ್ಟರಿನಲ್ಲೂ ‘ಟು’ ಅಥವಾ ‘ಸಿಸಿ’ಯಲ್ಲಿ ನನ್ನ ವಿಳಾಸವಿದ್ದರೆ ಇನ್‌ಬಾಕ್ಸಿನಲ್ಲೇ ಬಿಡಬೇಕು ಎಂಬ ಷರತ್ತು ಇರುತ್ತದೆ. ಜಿಮೇಲ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಟು:ಮಿ’ ಮತ್ತು ‘ಸಿಸಿ:ಮಿ’ ಎಂಬ ಪದಗಳಿಗೆ ಮೊದಲು ಕಳೆಯುವ ಚಿಹ್ನೆ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅದಕ್ಕೆ ಅರ್ಥವಾಗುತ್ತದೆ.

ವಿನಾಯಿತಿಯಿಂದ ಹೀಗೆ ಉಳಿಯುವ ಮೇಲ್‌ಗಳು ದಿನಕ್ಕೆ ಬೆರಳೆಣಿಕೆಯಷ್ಟು. ಅವೇ ನಿಮ್ಮ ಮೇಜಿಗೆ ಬಂದ ಕಡತಗಳು. ಅವಕ್ಕೆ ಉತ್ತರಿಸುವುದು ಬಾಧ್ಯತೆ. ಮಿಕ್ಕ ಸಾವಿರದ ವಿಷಯದಲ್ಲಿ ನಿಮಗೆ ಯಾವ ಬಾಧ್ಯತೆಯೂ ಇಲ್ಲ.

ಮೇಲ್ ಲೆಕ್ಕ ಬಿಟ್ಟು ಥ್ರೆಡ್ ಲೆಕ್ಕ

ಸಾವಿರ ಮೇಲ್ ಎಂದರೆ ಸಾವಿರ ವಿಷಯಗಳಲ್ಲ. ಒಂದು ಮೇಲ್ ಮತ್ತು ಅದಕ್ಕೆ ಬಂದ ಉತ್ತರಗಳೆಲ್ಲ ಸೇರಿ ಒಂದು ಥ್ರೆಡ್. ಪ್ರತಿ ಉತ್ತರದ ಹೆಡರಿನಲ್ಲೂ ತಾನು ಯಾವ ಮೇಲ್‌ಗೆ ಉತ್ತರ ಎಂಬುದನ್ನು ಹೇಳುವ ಇನ್-ರಿಪ್ಲೈ-ಟು ಮತ್ತು ರೆಫರೆನ್ಸಸ್ ಎಂಬ ಸಾಲುಗಳಿರುತ್ತವೆ. ಅವುಗಳ ಆಧಾರದ ಮೇಲೆ ಮೇಲ್‌ಗಳನ್ನು ಮರದ ಕೊಂಬೆಗಳಂತೆ ಜೋಡಿಸಿ ತೋರಿಸುವ ತಂತ್ರಾಂಶ ನಿಮ್ಮಲ್ಲಿರಬೇಕು. ಥಂಡರ್‌ಬರ್ಡ್, ಮಟ್, ಈಮ್ಯಾಕ್ಸ್‌ನೊಳಗಿನ ನೂಸ್ ಇವೆಲ್ಲ ಇದನ್ನು ಚೆನ್ನಾಗಿ ಮಾಡುತ್ತವೆ. ಜಿಮೇಲ್‌ನ ಸಂಭಾಷಣೆ ನೋಟ ದಿನಬಳಕೆಗೆ ಅನುಕೂಲವಾದರೂ ಇಲ್ಲಿ ಸಾಲದು: ಯಾರು ಯಾರಿಗೆ ಉತ್ತರಿಸಿದರೆಂಬುದನ್ನು ಅದು ತೋರಿಸುವುದಿಲ್ಲ, ನೂರು ಮೇಲ್ ದಾಟಿದ ಚರ್ಚೆಯನ್ನು ತುಂಡರಿಸಿ ಬೇರೆಯದಾಗಿ ಕಾಣಿಸುತ್ತದೆ. ಲಿಸ್ಟ್‌ಗಳಿಗಾಗಿಯೇ ಬೇರೊಂದು ತಂತ್ರಾಂಶ ಇಟ್ಟುಕೊಳ್ಳುವುದು ಅತಿಯೆನಿಸಬಹುದು. ಅಡುಗೆಮನೆಯಲ್ಲಿ ಈಳಿಗೆಮಣೆಯೂ ಇರುತ್ತದೆ, ಚಾಕುವೂ ಇರುತ್ತದೆ; ಇದೂ ಹಾಗೆಯೇ.

ಥ್ರೆಡ್ ನೋಟಕ್ಕೆ ಬದಲಾದ ಕೂಡಲೇ ನಾನೂರು ಮೇಲ್‌ಗಳ ಫೋಲ್ಡರ್ ಅರವತ್ತು ಸಾಲುಗಳಿಗೆ ಇಳಿಯುತ್ತದೆ. ಈಗ ನೀವು ಪ್ರತಿ ಸಾಲಿಗೂ ಒಂದು ತೀರ್ಮಾನ ಕೊಡುತ್ತ ಹೋಗಬೇಕು. ತೀರ್ಮಾನವಾದ ಥ್ರೆಡ್‌ಗೆ ಮುಂದೆ ಬರುವ ಉತ್ತರಗಳಿಗೂ ಅದೇ ಅನ್ವಯಿಸುವಂತೆ ಮಾಡುವುದು ಇಲ್ಲಿನ ಮುಖ್ಯ ಉಪಾಯ. ಥಂಡರ್‌ಬರ್ಡ್‌ನಲ್ಲಿ ‘ಕೆ’ ಕೀಲಿ ಒತ್ತಿದರೆ ಇಡೀ ಥ್ರೆಡ್ ಕಣ್ಮರೆಯಾಗುತ್ತದೆ, ನಾಳೆ ಅದಕ್ಕೆ ಮೂವತ್ತು ಉತ್ತರ ಬಂದರೂ ನಿಮಗೆ ಕಾಣುವುದಿಲ್ಲ. ಶಿಫ್ಟ್ ಜೊತೆ ‘ಕೆ’ ಒತ್ತಿದರೆ ಮರದ ಆ ಒಂದು ಕೊಂಬೆ ಮಾತ್ರ ಹೋಗುತ್ತದೆ. ಮುಖ್ಯ ಚರ್ಚೆ ಉಪಯುಕ್ತವಾಗಿದ್ದು ನಡುವೆ ಇಬ್ಬರು ವೇರಿಯೇಬಲ್ ಹೆಸರಿನ ಬಗ್ಗೆ ಜಗಳಕ್ಕೆ ಬಿದ್ದಾಗ ಈ ಕೀಲಿಯ ಬೆಲೆ ತಿಳಿಯುತ್ತದೆ. ‘ಡಬ್ಲ್ಯೂ’ ಒತ್ತಿದ ಥ್ರೆಡ್ ಗಮನದಲ್ಲಿಡಬೇಕಾದ ಪಟ್ಟಿಗೆ ಸೇರುತ್ತದೆ. ಜಿಮೇಲ್‌ನಲ್ಲಿ ‘ಕೆ’ ಕೀಲಿಗೆ ಸಮನಾದದ್ದು ‘ಮ್ಯೂಟ್’. ಮಟ್ ಬಳಸುವವರು ಕಂಟ್ರೋಲ್-ಡಿ ಒತ್ತಿ ಇಡೀ ಥ್ರೆಡ್ ಅಳಿಸಬಹುದು, ಕಂಟ್ರೋಲ್-ಆರ್ ಒತ್ತಿ ಓದಿದ್ದೆಂದು ಗುರುತು ಹಾಕಬಹುದು. ಅಳಿಸಲು ಅಳುಕು ಬೇಡ, ಆರ್ಕೈವಿನಲ್ಲಿ ಪ್ರತಿ ಇದ್ದೇ ಇರುತ್ತದೆ.

ವಿಷಯದ ಸಾಲನ್ನು ಓದುವುದೇ ಒಂದು ಕಲೆ, ಮತ್ತು ಅದು ಒಂದು ತಿಂಗಳ ಅಭ್ಯಾಸದಿಂದ ಬರುತ್ತದೆ. ಕಂಸದೊಳಗೆ ‘ಪ್ಯಾಚ್ ವಿ3 2/7’ ಎಂದಿದ್ದರೆ ಅದು ಏಳು ಪ್ಯಾಚ್‌ಗಳ ಸರಣಿಯ ಮೂರನೆಯ ಆವೃತ್ತಿಯಲ್ಲಿ ಎರಡನೆಯದು. ನೀವು ತೆರೆಯಬೇಕಾದದ್ದು 0/7, ಅಂದರೆ ಪೀಠಿಕೆಯ ಮೇಲ್. ಸರಣಿ ಏನು ಮಾಡುತ್ತದೆ, ಏಕೆ ಬೇಕು, ಯಾವ ಕಡತಗಳನ್ನು ಮುಟ್ಟುತ್ತದೆ, ಹಿಂದಿನ ಆವೃತ್ತಿಯಿಂದ ಏನು ಬದಲಾಯಿತು ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಮೂರನೆಯ ಆವೃತ್ತಿ ಬಂದಾಗಿದ್ದರೆ ಮೊದಲೆರಡರ ಥ್ರೆಡ್‌ಗಳನ್ನು ಕಣ್ಣೆತ್ತಿಯೂ ನೋಡದೆ ಬಿಡಬಹುದು. ‘ಆರ್‌ಎಫ್‌ಸಿ’ ಎಂದಿದ್ದರೆ ಬರೆದವರು ಇನ್ನೂ ಅಭಿಪ್ರಾಯ ಕೇಳುವ ಹಂತದಲ್ಲಿದ್ದಾರೆ, ನಿಮ್ಮ ಮಾತಿಗೆ ಬೆಲೆ ಹೆಚ್ಚು. ಕರ್ನಲ್‌ನ ಸ್ಥಿರ ಆವೃತ್ತಿಗಳ ಪರಿಶೀಲನೆಗೆ ಒಂದೇ ಬಾರಿಗೆ ನೂರಾರು ಪ್ಯಾಚ್‌ಗಳ ಸರಣಿಗಳು ಬರುತ್ತವೆ. ಪರೀಕ್ಷಾ ಬಾಟ್‌ಗಳೂ ದಿನವಿಡೀ ವರದಿ ಕಳಿಸುತ್ತಿರುತ್ತವೆ. ಇವೆರಡಕ್ಕೂ ಬೇರೆ ಫೋಲ್ಡರ್ ಮಾಡಿದರೆ ಮುಖ್ಯ ಫೋಲ್ಡರಿನ ಭಾರ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ನನ್ನ ಒಂದು ಮುಂಜಾನೆಯನ್ನೇ ಹೇಳುತ್ತೇನೆ. ಜಯನಗರದ ಮನೆಯಲ್ಲಿ ಹಾಲಿನ ಪ್ಯಾಕೆಟ್ ಒಳಗಿಟ್ಟು ಕುಳಿತಾಗ ಗಂಟೆ ಆರೂಮುಕ್ಕಾಲು. ಫೋಲ್ಡರಿನಲ್ಲಿ 63 ಹೊಸ ಥ್ರೆಡ್. ಮೊದಲ ಸುತ್ತಿನಲ್ಲಿ ಒಂದನ್ನೂ ತೆರೆಯುವುದಿಲ್ಲ, ವಿಷಯದ ಸಾಲು ಮತ್ತು ಬರೆದವರ ಹೆಸರು ಮಾತ್ರ ನೋಡುತ್ತೇನೆ. ನನಗೆ ಸಂಬಂಧವಿಲ್ಲದ ಹಾರ್ಡ್‌ವೇರ್‌ನ ಡ್ರೈವರ್, ‘ಕೆ’. ಕಾಗುಣಿತದ ತಿದ್ದುಪಡಿ, ‘ಕೆ’. ಒಂದು ಫೈಲ್‌ಸಿಸ್ಟಮ್‌ನ ಚರ್ಚೆ, ನನ್ನ ಕ್ಷೇತ್ರವಲ್ಲ, ಆದರೆ ಬರೆದವರು ವಾದವನ್ನು ಬಿಡಿಸಿ ಹೇಳುವುದರಲ್ಲಿ ನಿಸ್ಸೀಮರು; ಗುರುತು ಹಾಕಿ ಮುಂದೆ. ಹೀಗೆ ಕೊನೆ ಮುಟ್ಟುವಾಗ ಏಳಕ್ಕೆ ಐದು ನಿಮಿಷ, ಉಳಿದದ್ದು ಒಂಬತ್ತು ಥ್ರೆಡ್. ಎರಡನೆಯ ಸುತ್ತಿನಲ್ಲಿ ಆ ಒಂಬತ್ತರ ಮೊದಲ ಮೇಲ್ ಮತ್ತು ಕೊನೆಯ ಮೇಲ್ ಓದುತ್ತೇನೆ. ಕೊನೆಯದರಲ್ಲಿ ಒಪ್ಪಂದವಾಗಿದ್ದರೆ ನಡುವಿನದು ಬೇಡ. ಇನ್ನೂ ಜಗ್ಗಾಟವಿದ್ದರೆ, ಎಲ್ಲಿ ದಾರಿ ಕವಲೊಡೆಯಿತೆಂದು ಮರದಲ್ಲಿ ಹಿಂದಕ್ಕೆ ಹೋಗಿ ನೋಡುತ್ತೇನೆ. ಆ ದಿನ ಕೂಲಂಕಷವಾಗಿ ಓದಿದ್ದು ಮೂರು, ಉತ್ತರಿಸಿದ್ದು ಒಂದು, ಒಟ್ಟು ನಲವತ್ತು ನಿಮಿಷ. ಬಿಟ್ಟ ಅರವತ್ತರಲ್ಲಿ ಮುಖ್ಯವಾದದ್ದು ಯಾವುದೂ ಇರಲಿಲ್ಲವೇ? ಇದ್ದಿರಬಹುದು. ನಿಜಕ್ಕೂ ಮುಖ್ಯವಾದದ್ದಾದರೆ ಅದು ಮತ್ತೆ ಬರುತ್ತದೆ: ಎರಡನೆಯ ಆವೃತ್ತಿಯಾಗಿ ಬರುತ್ತದೆ, ಬೇರೆ ಥ್ರೆಡ್‌ನಲ್ಲಿ ಉಲ್ಲೇಖವಾಗಿ ಬರುತ್ತದೆ, ಇಲ್ಲವೇ ಯಾರಾದರೂ ನಿಮ್ಮನ್ನು ಸಿಸಿಗೆ ಸೇರಿಸುತ್ತಾರೆ.

ನಮ್ಮ ಕಾಲವಲಯ ಇಲ್ಲಿ ಅನುಕೂಲವೇ ಆಗಿದೆ. ಬಿಸಿಬಿಸಿ ಚರ್ಚೆಯ ನಡುವೆ ಕುಳಿತವರು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹೊಸ ಉತ್ತರ ಓದುತ್ತಾರೆ. ನಾವು ಬೆಳಿಗ್ಗೆ ಎದ್ದು ಆರಿದ ಚರ್ಚೆಯನ್ನು ಇಡಿಯಾಗಿ ಒಮ್ಮೆ ಓದುತ್ತೇವೆ. ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಿದ ಉತ್ತರ ಯುರೋಪಿನವರು ಕೆಲಸಕ್ಕೆ ಕೂರುವ ಹೊತ್ತಿಗೆ ಅವರ ಪಟ್ಟಿಯ ಮೇಲ್ಭಾಗದಲ್ಲಿ ಇರುತ್ತದೆ. ಆದುದರಿಂದ ಲಿಸ್ಟ್‌ಗೆ ದಿನಕ್ಕೊಂದೇ ಹೊತ್ತು ಗೊತ್ತುಮಾಡಿ, ಆ ಫೋಲ್ಡರ್‌ಗಳ ಸೂಚನೆಯ ಸದ್ದನ್ನು ಫೋನಿನಲ್ಲಿ ಸಂಪೂರ್ಣವಾಗಿ ಆರಿಸಿಬಿಡಿ. ರಾತ್ರಿ ಹನ್ನೊಂದಕ್ಕೆ ‘ಒಂದೇ ಒಂದು’ ನೋಡೋಣವೆಂದು ಕುಳಿತವರು ಯಾವ ಗಂಟೆಗೆ ಎದ್ದರೆಂದು ಅವರ ಮನೆಯವರನ್ನು ಕೇಳಬೇಕು.

ಸೇರದೆಯೇ ಓದುವುದು

ಲಿಸ್ಟ್ ಓದಲು ಅದಕ್ಕೆ ಚಂದಾದಾರರಾಗಲೇಬೇಕೆಂದಿಲ್ಲ ಎಂಬುದು ಬಹಳ ಜನಕ್ಕೆ ತಿಳಿದಿರುವುದಿಲ್ಲ. ಕರ್ನಲ್ ಮತ್ತು ಅದರ ಆಸುಪಾಸಿನ ನೂರಾರು ಲಿಸ್ಟ್‌ಗಳ ದಾಖಲೆ ಲೋರ್ ಎಂಬ ಜಾಲತಾಣದಲ್ಲಿದೆ, ಗಿಟ್‌ನ ಲಿಸ್ಟ್ ಕೂಡ ಅಲ್ಲಿದೆ. ಪಬ್ಲಿಕ್-ಇನ್‌ಬಾಕ್ಸ್ ಎಂಬ ತಂತ್ರಾಂಶದ ಮೇಲೆ ನಡೆಯುವ ಆ ಆರ್ಕೈವನ್ನು ಬ್ರೌಸರಿನಲ್ಲಿ ಹುಡುಕಬಹುದು, ಯಾವುದೇ ಹುಡುಕಾಟದ ಫಲಿತಾಂಶವನ್ನು ಆಟಮ್ ಫೀಡ್ (ಹೊಸದು ಬಂದಂತೆ ತಾನಾಗಿ ಬೆಳೆಯುವ ಪಟ್ಟಿ) ಆಗಿ ಪಡೆಯಬಹುದು, ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದ ಎನ್‌ಎನ್‌ಟಿಪಿ ವಿಧಾನದ ಮೂಲಕ ಥಂಡರ್‌ಬರ್ಡ್‌ಗೂ ಜೋಡಿಸಬಹುದು. ಎನ್‌ಎನ್‌ಟಿಪಿಯಲ್ಲಿ ಮೇಲ್‌ಗಳು ಸರ್ವರಿನಲ್ಲೇ ಇದ್ದು, ನೀವು ತೆರೆದದ್ದು ಮಾತ್ರ ನಿಮ್ಮಲ್ಲಿಗೆ ಇಳಿಯುತ್ತದೆ. ಇನ್‌ಬಾಕ್ಸಿನ ಜಾಗವೂ ತುಂಬುವುದಿಲ್ಲ, ಓದದ ಸಂಖ್ಯೆ ಕಣ್ಣು ಕುಕ್ಕುವುದೂ ಇಲ್ಲ. ಪಬ್ಲಿಕ್-ಇನ್‌ಬಾಕ್ಸ್ ಜೊತೆಗೇ ಬರುವ ‘ಲೇ’ ಎಂಬ ಸಾಧನ ಇನ್ನೂ ಒಂದು ಹೆಜ್ಜೆ ಮುಂದಿದೆ. ಇಂಥ ಕಡತವನ್ನು ಮುಟ್ಟುವ ಪ್ಯಾಚ್‌ಗಳು, ಇಂಥ ಫಂಕ್ಷನ್ ಹೆಸರು ಬಂದ ಮೇಲ್‌ಗಳು, ಇಂಥವರು ಬರೆದವು ಎಂದು ಒಂದು ಪ್ರಶ್ನೆ ಬರೆದಿಟ್ಟರೆ ಹೊಂದುವ ಥ್ರೆಡ್‌ಗಳನ್ನಷ್ಟೇ ಹೆಕ್ಕಿ ನಿಮ್ಮ ಮೇಲ್ ಫೋಲ್ಡರಿಗೆ ತಂದು ಹಾಕುತ್ತದೆ. ಸಾವಿರದಲ್ಲಿ ಹತ್ತು ಬೇಕಾದವರಿಗೆ ಇದು ಹೇಳಿ ಮಾಡಿಸಿದ್ದು. ಒಂದು ಸರಣಿಯನ್ನು ಪ್ರಯೋಗಿಸಿ ನೋಡಬೇಕೆನಿಸಿದಾಗ ಬಿ4 ಎಂಬ ಸಾಧನ ಅದನ್ನು ಆರ್ಕೈವಿನಿಂದಲೇ ಒಟ್ಟಾಗಿ ಇಳಿಸಿಕೊಡುತ್ತದೆ.

ದೊಡ್ಡ ಲಿಸ್ಟ್‌ಗಿಂತ ಅದರ ಶಾಖೆಯನ್ನು ಸೇರುವುದು ಇನ್ನೊಂದು ದಾರಿ. ಕರ್ನಲ್‌ನ ಮೂಲ ಕಡತಗಳ ನಡುವೆ ‘ಮೇಂಟೇನರ್ಸ್’ ಎಂಬ ಕಡತವಿದೆ. ಯಾವ ಭಾಗಕ್ಕೆ ಯಾರು ಹೊಣೆ, ಆ ಭಾಗದ ಚರ್ಚೆ ಯಾವ ಲಿಸ್ಟ್‌ನಲ್ಲಿ ನಡೆಯುತ್ತದೆ ಎಂಬುದು ಅದರಲ್ಲಿ ಬರೆದಿರುತ್ತದೆ. ನಿಮ್ಮ ಕೆಲಸ ನೆಟ್‌ವರ್ಕಿಂಗ್ ಆಗಿದ್ದರೆ ಮುಖ್ಯ ಲಿಸ್ಟ್ ಬಿಟ್ಟು ನೆಟ್‌ಡೆವ್ ಮಾತ್ರ ಸೇರಿರಿ, ಅದೇ ಸಾಕಷ್ಟು ದೊಡ್ಡದು. ಪೋಸ್ಟ್‌ಗ್ರೆಸ್‌ನವರಿಗೆ ಕಮಿಟ್‌ಫೆಸ್ಟ್ ಎಂಬ ಪಟ್ಟಿಯಿದೆ: ಪರಿಶೀಲನೆಗೆ ಬಂದ ಪ್ಯಾಚ್‌ಗಳೆಲ್ಲ ಅವುಗಳ ಥ್ರೆಡ್‌ನ ಕೊಂಡಿಯೊಂದಿಗೆ ಅಲ್ಲಿ ನಮೂದಾಗಿರುತ್ತವೆ. ಸಾಮಾನ್ಯವಾಗಿ ಜುಲೈ, ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್ ತಿಂಗಳುಗಳಲ್ಲಿ ನಡೆಯುವ ಆ ಪರಿಶೀಲನೆಯ ಪಟ್ಟಿಯಿಂದ ಎರಡು ಪ್ಯಾಚ್ ಆರಿಸಿ ಅವುಗಳ ಚರ್ಚೆಯನ್ನು ಮಾತ್ರ ಅನುಸರಿಸಿದರೂ ಹ್ಯಾಕರ್ಸ್ ಲಿಸ್ಟ್‌ನ ನಾಡಿ ತಿಳಿಯುತ್ತದೆ. ಯಾವುದೂ ಬೇಡ, ಸಾರಾಂಶ ಸಾಕು ಎನ್ನುವವರಿಗೆ 1998ರಿಂದ ನಡೆಯುತ್ತಿರುವ ಎಲ್‌ಡಬ್ಲ್ಯೂಎನ್ ಪತ್ರಿಕೆ ಇದೆ. ಅದರ ವಾರದ ಸಂಚಿಕೆ ಗುರುವಾರ ಬರುತ್ತದೆ. ಕರ್ನಲ್ ಲಿಸ್ಟ್‌ನ ಮುಖ್ಯ ಚರ್ಚೆಗಳನ್ನು ಬಲ್ಲವರು ಓದಿ, ಹಿನ್ನೆಲೆಯೊಂದಿಗೆ ಬರೆದಿರುತ್ತಾರೆ. ಹಣ ಕೊಟ್ಟವರಿಗೆ ಮೊದಲು ಸಿಗುತ್ತದೆ, ಒಂದು ವಾರ ಕಾದರೆ ಎಲ್ಲರಿಗೂ ಉಚಿತ.

ಡೈಜೆಸ್ಟ್ ಬಗ್ಗೆ ಎಚ್ಚರಿಕೆ ಹೇಳಬೇಕು. ದಿನದ ಎಲ್ಲ ಮೇಲ್‌ಗಳನ್ನು ಒಂದೇ ಕಟ್ಟಿನಲ್ಲಿ ಕಳಿಸುವ ಈ ಆಯ್ಕೆ ಹೊಸಬರಿಗೆ ಆಕರ್ಷಕವಾಗಿ ಕಾಣುತ್ತದೆ, ಆದರೆ ಕಟ್ಟಿನೊಳಗೆ ಥ್ರೆಡ್ ಇರುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಆಗುವುದಿಲ್ಲ. ಕಟ್ಟಿಗೆ ಉತ್ತರಿಸಿದರಂತೂ ವಿಷಯದ ಸಾಲಿನಲ್ಲಿ ಡೈಜೆಸ್ಟ್‌ನ ಸಂಪುಟ ಸಂಖ್ಯೆ ಬಂದು, ಮೂಲ ಮೇಲ್‌ನ ಕೊಂಡಿ ತಪ್ಪಿ, ನಿಮ್ಮ ಉತ್ತರ ಚರ್ಚೆಯಿಂದ ಬೇರೆಯಾಗಿ ಅನಾಥವಾಗಿ ನಿಲ್ಲುತ್ತದೆ. ದಿನಕ್ಕೆ ನಾಲ್ಕೈದು ಮೇಲ್ ಬರುವ, ನೀವು ಬರೆಯದೆ ಬರೀ ಓದುವ ಲಿಸ್ಟ್‌ಗೆ ಡೈಜೆಸ್ಟ್ ಅಡ್ಡಿಯಿಲ್ಲ. ನಮ್ಮೂರಿನ ಪೈಥಾನ್ ಬಳಗವಾದ ಬ್ಯಾಂಗ್‌ಪೈಪರ್ಸ್‌ನಂಥ ಊರಿನ ಲಿಸ್ಟ್‌ಗೆ ಇದು ಹೊಂದಬಹುದು. ಆದರೆ ಅಂಥ ಸಣ್ಣ ಲಿಸ್ಟ್‌ಗೆ ವಿಂಗಡಣೆಯ ಇಷ್ಟೆಲ್ಲ ಏರ್ಪಾಡೇ ಬೇಕಾಗಿಲ್ಲ, ಅದರ ಮೇಲ್‌ಗಳು ಇನ್‌ಬಾಕ್ಸಿಗೇ ಬರಲಿ. ಮೇಲ್‌ಮ್ಯಾನ್ ತಂತ್ರಾಂಶದಲ್ಲಿ ನಡೆಯುವ ಲಿಸ್ಟ್‌ಗಳಲ್ಲಿ ಸದಸ್ಯತ್ವ ಉಳಿಸಿಕೊಂಡು ಮೇಲ್ ತರಿಸಿಕೊಳ್ಳುವುದನ್ನು ಮಾತ್ರ ನಿಲ್ಲಿಸುವ ಆಯ್ಕೆಯಿದೆ. ಬರೆಯುವ ಹಕ್ಕು ಬೇಕು, ಪ್ರವಾಹ ಬೇಡ ಎನ್ನುವವರು ಅದನ್ನು ಬಳಸಿ ಆರ್ಕೈವಿನಲ್ಲಿ ಓದಬಹುದು.

ವೈಟ್‌ಫೀಲ್ಡ್ ಕಡೆಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಓಡಾಡುವವರಿಗೆ ಒಂದು ಮಾತು. ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್‌ವರೆಗಿನ ಸುರಂಗದಲ್ಲಿ ಸಂಪರ್ಕ ಕೈಕೊಟ್ಟರೂ ಓದು ನಿಲ್ಲಬಾರದೆಂದರೆ ಮೇಲ್‌ಗಳು ಲ್ಯಾಪ್‌ಟಾಪಿನಲ್ಲೇ ಇರಬೇಕು. ಮನೆ ಬಿಡುವ ಮುನ್ನ ಎಂಬಿಸಿಂಕ್‌ನಿಂದ ಫೋಲ್ಡರ್‌ಗಳನ್ನು ಇಳಿಸಿಕೊಂಡು, ನಾಟ್‌ಮಚ್‌ನಿಂದ ಸೂಚಿ ಮಾಡಿಸಿಟ್ಟರೆ ಲಕ್ಷಾಂತರ ಮೇಲ್‌ಗಳ ನಡುವೆಯೂ ಹುಡುಕಾಟ ಕ್ಷಣದಲ್ಲಿ ಮುಗಿಯುತ್ತದೆ. ಕೂರಲು ಸೀಟು ಸಿಗುವುದು ಬೇರೆ ಮಾತು.

ಬಾಕಿ ಬೆಳೆದಾಗ

ದಸರಾ ರಜೆಗೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದಾಗ ಒಂಬತ್ತು ಸಾವಿರ ಓದದ ಮೇಲ್ ಕಾದಿರುತ್ತವೆ. ಇದಕ್ಕೆ ಸಾಲಮನ್ನಾ ಒಂದೇ ಮದ್ದು. ಮೊದಲು ಇನ್‌ಬಾಕ್ಸಿನಲ್ಲಿ ನಿಮ್ಮ ಹೆಸರಿಗೆ ಬಂದವನ್ನು ನೋಡಿರಿ, ಆಮೇಲೆ ‘ಗಮನದಲ್ಲಿಡು’ ಎಂದು ಗುರುತು ಹಾಕಿದ್ದ ಥ್ರೆಡ್‌ಗಳ ಕೊನೆಯ ಮೇಲ್ ನೋಡಿರಿ, ಬಳಿಕ ಉಳಿದದ್ದನ್ನೆಲ್ಲ ಒಂದೇ ಏಟಿಗೆ ಓದಿದ್ದೆಂದು ಗುರುತು ಹಾಕಿರಿ. ಕರ್ನಲ್‌ನಲ್ಲಿ ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಎರಡು ವಾರಗಳ ಮರ್ಜ್ ವಿಂಡೋ ಮುಗಿದು ಮೊದಲ ಆರ್‌ಸಿ (ಪರೀಕ್ಷಾ ಆವೃತ್ತಿ) ಬಿಡುಗಡೆಯಾದ ದಿನ ಇಂಥ ಮನ್ನಾಕ್ಕೆ ಪ್ರಶಸ್ತ, ಏಕೆಂದರೆ ಆ ಸುತ್ತಿಗೆ ಸೇರಬೇಕಾದ ಹೊಸ ಸಂಗತಿಗಳೆಲ್ಲ ಸೇರಿ ಆಗಿರುತ್ತವೆ, ಸೇರದವು ಮುಂದಿನ ಸುತ್ತಿಗೆ ಮತ್ತೆ ಬರುತ್ತವೆ. ಬಿಡುವಾದಾಗ ಓದೋಣವೆಂದು ಎತ್ತಿಟ್ಟ ಫೋಲ್ಡರಿನಿಂದ ನಾನು ಈವರೆಗೆ ಓದಿದ್ದು ಎರಡೋ ಮೂರೋ ಮೇಲ್.

ನೀವೇ ಬರೆಯುವಾಗ

ಲಿಸ್ಟ್‌ನ ಪ್ರಮಾಣ ಹೆಚ್ಚಿಸುವವರಲ್ಲಿ ನಾವೂ ಇದ್ದೇವೆ. ನೀವು ಕಳಿಸಿದ ಒಂದು ಮೇಲ್ ಸಾವಿರಾರು ಜನರ ಒಂದೊಂದು ನಿಮಿಷವನ್ನು ತಿನ್ನುತ್ತದೆ. ಆದುದರಿಂದ ‘ನನಗೂ ಒಪ್ಪಿಗೆ’, ‘ಧನ್ಯವಾದ’ ಎಂಬಷ್ಟಕ್ಕೇ ಎಲ್ಲರಿಗೂ ಬರೆಯುವುದು ಬೇಡ, ಒಬ್ಬರಿಗೆ ಹೇಳಬೇಕಾದದ್ದನ್ನು ಒಬ್ಬರಿಗೇ ಬರೆಯಿರಿ. ತಾಂತ್ರಿಕ ಉತ್ತರವನ್ನು ಮಾತ್ರ ಎಲ್ಲರಿಗೂ ಹೋಗುವಂತೆಯೇ ಕಳಿಸಬೇಕು, ಇಲ್ಲದಿದ್ದರೆ ದಾಖಲೆ ಅರ್ಧವಾಗುತ್ತದೆ. ಉತ್ತರವನ್ನು ಹಳೆಯ ಮೇಲ್‌ನ ತಲೆಯ ಮೇಲೆ ಬರೆಯದೆ, ಯಾವ ಸಾಲಿಗೆ ಉತ್ತರವೋ ಆ ಸಾಲನ್ನು ಉಳಿಸಿ, ಅದರ ಕೆಳಗೆ ಬರೆದು, ಮಿಕ್ಕದ್ದನ್ನು ಕತ್ತರಿಸಿ ಹಾಕಿರಿ. ಇನ್ನೂರು ಸಾಲಿನ ಪ್ಯಾಚನ್ನು ಪೂರ್ತಿ ಉಲ್ಲೇಖಿಸಿ, ಕೊನೆಯಲ್ಲಿ ‘ಸರಿಯಾಗಿದೆ’ ಎಂದು ಬರೆದವರನ್ನು ಹುಡುಕಿಕೊಂಡು ಪರದೆಯ ಕೆಳಗೆ ಇಳಿಯುವುದು ಮದುವೆಮನೆಯ ಜನಜಂಗುಳಿಯಲ್ಲಿ ಚಪ್ಪಲಿ ಹುಡುಕಿದ ಹಾಗೆ.

ಹೊಸ ವಿಷಯಕ್ಕೆ ಹೊಸ ಮೇಲ್ ಆರಂಭಿಸಬೇಕು. ಹಳೆಯ ಮೇಲ್‌ಗೆ ‘ರಿಪ್ಲೈ’ ಒತ್ತಿ ವಿಷಯದ ಸಾಲನ್ನಷ್ಟೇ ಬದಲಿಸಿದರೆ ಹೆಡರಿನಲ್ಲಿ ಹಳೆಯ ಕೊಂಡಿ ಹಾಗೆಯೇ ಉಳಿದು, ನಿಮ್ಮ ಪ್ರಶ್ನೆ ಬೇರೆಯವರ ಥ್ರೆಡ್‌ನೊಳಗೆ ಹುದುಗಿಹೋಗುತ್ತದೆ. ಆ ಥ್ರೆಡ್‌ಗೆ ಯಾರಾದರೂ ‘ಕೆ’ ಒತ್ತಿದ್ದರೆ ನಿಮ್ಮದೂ ಅದರ ಜೊತೆಗೇ ಹೋಯಿತು. ಕರ್ನಲ್‌ನ ಲಿಸ್ಟ್‌ಗಳು ಎಚ್‌ಟಿಎಂಎಲ್ ಮೇಲ್‌ಗಳನ್ನು ಸ್ವೀಕರಿಸುವುದಿಲ್ಲ ಎಂಬುದೂ ಗೊತ್ತಿರಲಿ. ಮೆಟ್ರೊದಲ್ಲಿ ನಿಂತು ಫೋನಿನ ಜಿಮೇಲ್ ಆ್ಯಪ್‌ನಿಂದ ಕಳಿಸಿದ ಉತ್ತರ ತಿರುಗಿ ಬರುವುದು ಈ ಕಾರಣಕ್ಕೆ. ಬಿಸಿ ಚರ್ಚೆಯಲ್ಲಿ ಉತ್ತರಿಸಬೇಕೆಂದು ಕೈ ತುರಿಸಿದಾಗ ಬರೆದು ಡ್ರಾಫ್ಟ್‌ನಲ್ಲಿಟ್ಟು ಮರುದಿನ ನೋಡುವುದು ನನ್ನ ರೂಢಿ; ಅಷ್ಟರಲ್ಲಿ ನಾನು ಹೇಳಬೇಕೆಂದದ್ದನ್ನು ಬೇರೊಬ್ಬರು ನನಗಿಂತ ಚೆನ್ನಾಗಿ ಹೇಳಿರುವುದೇ ಹೆಚ್ಚು.

ಹೊರಬರುವುದು

ಕೆಲಸ ಬದಲಾದಾಗ, ಆಸಕ್ತಿ ಮುಗಿದಾಗ ಲಿಸ್ಟ್ ಬಿಡಬೇಕು. ನಾನು ವರ್ಷಕ್ಕೆರಡು ಬಾರಿ ಫೋಲ್ಡರ್‌ಗಳ ಪಟ್ಟಿ ತೆರೆದು, ಮೂರು ತಿಂಗಳಿಂದ ಒಂದೂ ಥ್ರೆಡ್ ಓದದ ಲಿಸ್ಟ್‌ಗಳಿಂದ ಹೊರಬರುತ್ತೇನೆ. ‘ನನ್ನನ್ನು ತೆಗೆದುಹಾಕಿ’ ಎಂದು ಲಿಸ್ಟ್‌ನ ವಿಳಾಸಕ್ಕೇ ಬರೆದರೆ ಅದು ಎಲ್ಲ ಸದಸ್ಯರಿಗೂ ತಲುಪುತ್ತದೆ, ತೆಗೆಯುವ ಕೆಲಸ ಮಾತ್ರ ಆಗುವುದಿಲ್ಲ. ಯಾವುದಾದರೊಂದು ಮೇಲ್‌ನ ಪೂರ್ಣ ಹೆಡರ್ ತೆರೆದರೆ ಲಿಸ್ಟ್-ಅನ್‌ಸಬ್‌ಸ್ಕ್ರೈಬ್ ಎಂಬ ಸಾಲಿನಲ್ಲಿ ಅದಕ್ಕೆಂದೇ ಇರುವ ವಿಳಾಸ ಅಥವಾ ಕೊಂಡಿ ಸಿಗುತ್ತದೆ. ಸೇರುವಾಗ ಯಾವ ವಿಳಾಸ ಕೊಟ್ಟಿದ್ದಿರೋ ಅದರಿಂದಲೇ ಬರೆಯಬೇಕು. ಹಳೆಯ ವಿಳಾಸದಿಂದ ಸೇರಿ ಹೊಸದಕ್ಕೆ ರವಾನೆ ಮಾಡಿಸಿಕೊಂಡವರು ಇಲ್ಲಿ ಎಡವುತ್ತಾರೆ. ಬಹುತೇಕ ಕಡೆ ಖಚಿತಪಡಿಸಲು ಒಂದು ಮೇಲ್ ಬರುತ್ತದೆ, ಅದಕ್ಕೆ ಉತ್ತರಿಸುವವರೆಗೆ ಹೆಸರು ಪಟ್ಟಿಯಲ್ಲೇ ಇರುತ್ತದೆ. ಆ ಮೇಲ್ ಇನ್‌ಬಾಕ್ಸಿನಲ್ಲಿ ಕಾಣದಿದ್ದರೆ ಸ್ಪ್ಯಾಮ್ ಫೋಲ್ಡರನ್ನೂ, ನಿಮ್ಮ ಫಿಲ್ಟರ್ ಅದನ್ನು ಕಳಿಸಿರಬಹುದಾದ ಲಿಸ್ಟ್‌ನ ಫೋಲ್ಡರನ್ನೂ ನೋಡಿರಿ. ಫಿಲ್ಟರನ್ನು ಎರಡು ವಾರ ಬಿಟ್ಟು ಅಳಿಸಿದರೆ ಸಾಕು.